ಅಜ್ಜಿಯ ಮುಖದ ಕಲೆ, ಅಪ್ಪನ ನೆರಳು: ದಾವಣಗೆರೆಯ ಹಳೆಯ ಸ್ಟುಡಿಯೊವೊಂದರ ಫೋಟೊ ದುರಸ್ತಿ ಸೇವೆ

ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಒಂದು ಸ್ಟುಡಿಯೊಗೆ 2024ರ ನವೆಂಬರ್ ಕೊನೆಯ ವಾರದಲ್ಲಿ ನಮ್ಮ ಮನೆಯ ತಗಡಿನ ಟ್ರಂಕನ್ನು ಆಟೊದಲ್ಲಿ ಹಾಕಿಕೊಂಡು ಹೋದೆ. ಟ್ರಂಕಿನಲ್ಲಿ ಇದ್ದದ್ದು 143 ಮುದ್ರಿತ ಫೋಟೊಗಳು, ಕಂದು ಲಕೋಟೆಗಳಲ್ಲಿ ಸುತ್ತಿಟ್ಟಿದ್ದ ಹನ್ನೊಂದು ರೋಲು ನೆಗೆಟಿವ್‌ಗಳು, ತಂಗಿಯ ಮದುವೆಯ ಒಂದು ವಿಎಚ್‌ಎಸ್ ಕ್ಯಾಸೆಟ್ ಮತ್ತು ಚೌಕಟ್ಟಿನ ಗಾಜಿಗೇ ಅಂಟಿಕೊಂಡುಬಿಟ್ಟಿದ್ದ ನನ್ನ ಅಜ್ಜಿಯ, ಅಂದರೆ ಅವ್ವನ ತಾಯಿಯ, ಒಂದೇ ಒಂದು ಚಿತ್ರ. ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಕೆಟ್ಟವನ್ನು ಸರಿಪಡಿಸಿ, ವರ್ಷ ಮುಗಿಯುವುದರೊಳಗೆ ಕೊಡಬೇಕೆಂಬುದು ನನ್ನ ಕೋರಿಕೆಯಾಗಿತ್ತು. ಆ ಸೇವೆ ಹೇಗಿತ್ತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ನಾನು ಎಚ್ಚರ ತಪ್ಪಿದ್ದರೆ ನಷ್ಟವಾಗುತ್ತಿತ್ತು ಎಂಬುದನ್ನು ಇಂಥ ಟ್ರಂಕುಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಊರಿನವರಿಗಾಗಿ ಬರೆಯುತ್ತಿದ್ದೇನೆ. ಇಂಥ ಕೆಲಸ ಮಾಡಿಕೊಡುವವರು ದಾವಣಗೆರೆಯಲ್ಲಿ ಇನ್ನೂ ಕೆಲವರಿದ್ದಾರೆ. ಆದ್ದರಿಂದ ಅಂಗಡಿಯ ಹೆಸರಿಗಿಂತ ಕೆಲಸದ ಬಗೆಗೇ ಹೆಚ್ಚು ಹೇಳುತ್ತೇನೆ.

ವರ್ಷದ ಕೊನೆಯೇ ಏಕೆ ಎಂದು ಸ್ಟುಡಿಯೊದ ಮಾಲೀಕರೂ ಕೇಳಿದರು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಣವಿದೆ. ನಮ್ಮಪ್ಪ ಈ ಊರಿನ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ದುಡಿಯುತ್ತಿದ್ದರು. 1974ರಲ್ಲಿ, ಬೋನಸ್ಸಿನ ಹಣ ಕೈಗೆ ಬಂದಾಗ, ಸಹೋದ್ಯೋಗಿಯೊಬ್ಬರಿಂದ ಒಂದು ಅಗ್ಫಾ ಕ್ಲಿಕ್-3 ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಅದಕ್ಕೆ ಹಾಕುವ 120 ಅಳತೆಯ ಫಿಲ್ಮಿನಲ್ಲಿ ಹನ್ನೆರಡು ಚೌಕ ಚಿತ್ರಗಳು ಮಾತ್ರ ಬರುತ್ತಿದ್ದವು. ಫಿಲ್ಮು, ತೊಳೆಸುವ ಖರ್ಚು, ಪ್ರಿಂಟು ಎಲ್ಲ ಸೇರಿದರೆ ಗಿರಣಿ ಕೆಲಸಗಾರನ ಸಂಬಳಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. ಹಾಗಾಗಿ ಅಪ್ಪ ವರ್ಷಕ್ಕೆ ಒಂದೇ ರೋಲು ಎಂದು ಕಟ್ಟು ಹಾಕಿಕೊಂಡರು. ಜನವರಿಯಲ್ಲಿ ಹೊಸ ರೋಲು ತುಂಬುವುದು, ಡಿಸೆಂಬರ್ 31ರ ಬೆಳಿಗ್ಗೆ ಹನ್ನೆರಡನೆಯ ಚಿತ್ರ ತೆಗೆದು ಅದೇ ದಿನ ಸ್ಟುಡಿಯೊಗೆ ತೊಳೆಯಲು ಕೊಡುವುದು. ಕೊನೆಯ ಚಿತ್ರ ಪ್ರತಿ ವರ್ಷವೂ ಒಂದೇ: ಮನೆಯ ಹೊಸ್ತಿಲ ಮುಂದೆ ನಿಂತ ಅವ್ವ. ಪ್ರಿಂಟುಗಳು ಬಂದ ರಾತ್ರಿ ಅಪ್ಪ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ಹನ್ನೆರಡನ್ನೂ ಸಾಲಾಗಿ ಹಾಸಿ, ‘ಈ ವರ್ಷ ದೇವರು ನಮಗೆ ಇಷ್ಟು ಕೊಟ್ಟಾನ ನೋಡ್ರಿ’ ಎಂದು ಒಂದೊಂದರ ಮೇಲೂ ಬೆರಳಿಟ್ಟು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ವರ್ಷದ ಲೆಕ್ಕ ನಡೆಯುತ್ತಿದ್ದದ್ದು ಹಾಗೆ. 1984ರವರೆಗೆ, ಅಂದರೆ ಹನ್ನೊಂದು ವರ್ಷ, ಆ ಕ್ರಮ ತಪ್ಪಲಿಲ್ಲ. ಆ ಬಳಿಕ ಗಿರಣಿಯ ಕೆಲಸ ಕೈಬಿಟ್ಟಿತು. ಕ್ಯಾಮೆರಾ ಟ್ರಂಕಿನ ತಳ ಸೇರಿತು. 2010ರಲ್ಲಿ ಅಪ್ಪ ಹೋದರು.

ಅದೇ 2024ರ ಮಾರ್ಚಿನಲ್ಲಿ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತೊಂದು ವರ್ಷದವರಿಗೆ ಶಸ್ತ್ರಚಿಕಿತ್ಸೆ ಎಂದಾಗ ನಾವು ಮೂವರು ಮಕ್ಕಳೂ ಕುಸಿದು ಕುಳಿತಿದ್ದೆವು. ಜುಲೈ ಹೊತ್ತಿಗೆ ಅವರು ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆದರು. ಸೆಪ್ಟೆಂಬರಿನಲ್ಲಿ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಇಷ್ಟನ್ನು ಪಡೆದ ವರ್ಷವನ್ನು ಸುಮ್ಮನೆ ಕ್ಯಾಲೆಂಡರ್ ಬದಲಿಸಿ ಕಳುಹಿಸಿಕೊಡಲು ಮನಸ್ಸು ಬರಲಿಲ್ಲ. ಅಪ್ಪನ ರೋಲುಗಳನ್ನು ಅವ್ವ ನೋಡಬೇಕು, ಮರಿಮಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಬೇಕು ಎನ್ನಿಸಿತು. ನನ್ನ ಟ್ರಂಕಿನ ಯಾತ್ರೆಗೆ ಇದು ಕಾರಣ.

ಮಾಲೀಕರು ಎರಡನೆಯ ತಲೆಮಾರಿನವರು. ಟ್ರಂಕಿನ ಮುಚ್ಚಳ ತೆಗೆದವರೇ ಮೊದಲು ಕೈತೊಳೆದು ಬಂದರು. ಅದನ್ನು ನೋಡಿ ನನಗೆ ಧೈರ್ಯ ಬಂದಿತು. ಒಂದೊಂದು ಫೋಟೊವನ್ನೂ ಅಂಚು ಹಿಡಿದು ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕಾಯಿಲೆ ಹೇಳುವ ವೈದ್ಯರ ಹಾಗೆ ವಿವರಿಸಿದರು. ಕಪ್ಪು ಬಿಳುಪು ಚಿತ್ರಗಳ ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುವ ನೀಲಿ ಛಾಯೆ ಇದ್ದರೆ, ಅದು ಕಾಗದದಲ್ಲಿರುವ ಬೆಳ್ಳಿಯ ಕಣಗಳು ತೇವ ಮತ್ತು ಗಾಳಿಯ ದೆಸೆಯಿಂದ ಮೇಲ್ಮೈಗೆ ಬಂದು ಕುಳಿತಿರುವ ಗುರುತಂತೆ. ಎಂಬತ್ತರ ದಶಕದ ಬಣ್ಣದ ಫೋಟೊಗಳು ಕೆಂಪಡರಿರುವುದಕ್ಕೆ ಬಿಸಿಲು ಕಾರಣವಲ್ಲ. ಆ ಕಾಲದ ಕಾಗದದಲ್ಲಿದ್ದ ಮೂರು ಬಣ್ಣಗಳ ಪೈಕಿ ಹಸಿರು-ನೀಲಿಯ ಅಂಶ ಕತ್ತಲೆಯಲ್ಲಿಟ್ಟರೂ ಎಲ್ಲಕ್ಕಿಂತ ಮೊದಲು ಸವೆಯುವುದರಿಂದ ಕೆಂಪು ಎದ್ದು ಕಾಣುತ್ತದೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಪರದೆ ಮುಚ್ಚುವ ಆಲ್ಬಮ್ಮುಗಳು ನಮ್ಮೆಲ್ಲರ ಮನೆಗಳಲ್ಲೂ ಇವೆ. ಫೋಟೊಗಳಿಗೆ ಅದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲವೆಂದು ಅವರು ಹೇಳಿದಾಗ, ತಂಗಿಯ ಸೀಮಂತದ ಆಲ್ಬಮ್ಮು ನೆನಪಾಗಿ ಕಸಿವಿಸಿಯಾಯಿತು.

ಆಗಿನ ಅವರ ದರವನ್ನು ಹೇಳಿಬಿಡುತ್ತೇನೆ. ಮುದ್ರಿತ ಫೋಟೊ ಸ್ಕ್ಯಾನಿಗೆ 12 ರೂಪಾಯಿ, ನೆಗೆಟಿವ್‌ನ ಒಂದು ಚಿತ್ರಕ್ಕೆ 20, ಕ್ಯಾಸೆಟ್ಟಿಗೆ 700, ಅಜ್ಜಿಯ ಚಿತ್ರದ ಕೈಕೆಲಸಕ್ಕೆ 1,200, ಕೊನೆಯ ದಿನ ತೆಗೆಸಿದ ಗುಂಪು ಚಿತ್ರ ಮತ್ತು ಅದರ ಮೂರು ದೊಡ್ಡ ಪ್ರಿಂಟುಗಳಿಗೆ 1,800. ಎಲ್ಲ ಸೇರಿ ಏಳೂವರೆ ಸಾವಿರ ರೂಪಾಯಿ ಕೊಟ್ಟೆ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ.

ನೆಗೆಟಿವ್ ಇದ್ದರೆ ಪ್ರಿಂಟನ್ನು ಬಿಟ್ಟು ನೆಗೆಟಿವನ್ನೇ ಸ್ಕ್ಯಾನ್ ಮಾಡಿಸಿ ಎಂಬುದು ಅವರು ಕೊಟ್ಟ ಸಲಹೆಗಳಲ್ಲೆಲ್ಲ ಬೆಲೆಬಾಳುವಂಥದ್ದು. ಅಪ್ಪ ಮಾಡಿಸುತ್ತಿದ್ದ ಪ್ರಿಂಟುಗಳು ಫಿಲ್ಮಿನ ಅಳತೆಯವೇ; ಎರಡೂಕಾಲು ಇಂಚಿನ ಪುಟ್ಟ ಚೌಕಗಳು, ಮುಖಗಳು ಎಳ್ಳುಕಾಳಿನಷ್ಟು. ಅದೇ ಚಿತ್ರವನ್ನು ನೆಗೆಟಿವ್‌ನಿಂದ 2400 ಡಿಪಿಐಯಲ್ಲಿ, ಅಂದರೆ ಇಂಚಿಗೆ 2400 ಬಿಂದುಗಳಂತೆ, ತೆಗೆದಾಗ ಒಂದೊಂದು ಬದಿಗೂ ಐದು ಸಾವಿರಕ್ಕೂ ಹೆಚ್ಚು ಬಿಂದುಗಳು ಬಂದವು. ಹನ್ನೊಂದು ರೋಲುಗಳ ಪೈಕಿ ಒಂಬತ್ತು ಚೆನ್ನಾಗಿದ್ದವು; ಒಟ್ಟು 108 ಚಿತ್ರಗಳು. ಇವನ್ನು ಮಾಲೀಕರ ದೊಡ್ಡ ಪರದೆಯ ಮೇಲೆ ಮೊದಲ ಸಲ ನೋಡಿದ ಆ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಹೋಗಲಿಲ್ಲ.

ಸಂತೇಬೆನ್ನೂರಿನ ಪುಷ್ಕರಿಣಿಯ ಮೆಟ್ಟಿಲ ಮೇಲೆ ನಾನು ಮತ್ತು ತಂಗಿ; ಹಿಂದೆ ನೀರಿನ ನಡುವೆ ಮಂಟಪ. ಹರಿಹರದಲ್ಲಿ ಹೊಳೆಯ ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಿರುವ ಅವ್ವ. ನಮ್ಮೂರಿನ ದುಗ್ಗಮ್ಮನ ಜಾತ್ರೆಗೆ ಬಂದ ಗದಗಿನ ಮಾವಂದಿರು, ಓಣಿಯ ಬೇವಿನ ಮರದಡಿ ಸಾಲಾಗಿ ನಿಂತು. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, ಮಾವಂದಿರ ಸಾಲು ಒಂದು ರೋಲು ಬಿಟ್ಟು ಒಂದು ರೋಲಿನಲ್ಲಿದೆ. ಪ್ರತಿ ಸಲವೂ ಒಬ್ಬಿಬ್ಬರು ಹೊಸಬರು ಸೇರಿದ್ದಾರೆ, 1980ರ ಸಾಲಿನಲ್ಲಿ ಒಬ್ಬರು ಕಡಿಮೆಯಾಗಿದ್ದಾರೆ. ಹೊಸ ಸೈಕಲ್ಲು. ಮೊದಲ ಸಲ ಶಾಲೆಗೆ ಹೊರಟ ತಂಗಿ, ಅಳುತ್ತ. ಹನ್ನೆರಡೇ ಅವಕಾಶವಿರುವ ಮನುಷ್ಯ ವರ್ಷದಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದನ್ನು ನೋಡುತ್ತ ಹೋದರೆ, ಅಪ್ಪ ನಮ್ಮೊಡನೆ ಆಡದೆ ಉಳಿಸಿದ ಎಷ್ಟೋ ಮಾತುಗಳು ಕೇಳಿಸುತ್ತವೆ. ಇಂದು ನನ್ನ ಫೋನಿನಲ್ಲಿ ಮೊಮ್ಮಗಳ ಚಿತ್ರಗಳೇ ಒಂಬೈನೂರು ದಾಟಿವೆ. ಅವುಗಳಲ್ಲಿ ಹನ್ನೆರಡನ್ನು ಆರಿಸು ಎಂದರೆ ನನಗೆ ಆಗಲಿಕ್ಕಿಲ್ಲ.

ಪ್ರತಿ ರೋಲಿನಲ್ಲೂ ಮೊದಲ ಎರಡು ಮೂರು ಚಿತ್ರಗಳು ಮಂಕಾಗಿದ್ದು, ಕೊನೆಯವು ಸ್ಫುಟವಾಗಿದ್ದವು. ಕ್ಯಾಮೆರಾದ ದೋಷವೇ ಎಂದು ಕೇಳಿದೆ. ಅಲ್ಲವೆಂದರು. ಫಿಲ್ಮಿನ ಮೇಲೆ ಬೆಳಕು ಬಿದ್ದು ಮೂಡಿದ ಚಿತ್ರ, ಅದನ್ನು ತೊಳೆಯುವವರೆಗೂ ಕಣ್ಣಿಗೆ ಕಾಣದೆ ಒಳಗೇ ಇರುತ್ತದೆ; ತಿಂಗಳುಗಟ್ಟಲೆ, ಅದರಲ್ಲೂ ನಮ್ಮ ಊರಿನ ಏಪ್ರಿಲ್ ಮೇ ಬಿಸಿಲಿನಲ್ಲಿ, ತೊಳೆಯದೆ ಇಟ್ಟರೆ ನಿಧಾನವಾಗಿ ಮಾಸುತ್ತದೆ. ಸಂಕ್ರಾಂತಿಯ ಚಿತ್ರ ಹನ್ನೊಂದು ತಿಂಗಳು ಕಾದಿದೆ, ಹೊಸ್ತಿಲ ಮುಂದಿನ ಅವ್ವನ ಚಿತ್ರ ಒಂದು ದಿನವೂ ಕಾದಿಲ್ಲ. ಆದ್ದರಿಂದಲೇ ಆ ಒಂಬತ್ತು ರೋಲುಗಳಲ್ಲೂ ಅವ್ವ ಮಾತ್ರ ಸೀರೆಯ ಅಂಚಿನ ಗೆರೆ ಎಣಿಸುವಷ್ಟು ನಿಚ್ಚಳವಾಗಿದ್ದಾರೆ.

ಅಪ್ಪನ ಚಿತ್ರ ಯಾವ ರೋಲಿನಲ್ಲೂ ಇಲ್ಲವೆಂದು ನಾವು ಇಷ್ಟು ವರ್ಷ ಅಂದುಕೊಂಡಿದ್ದೆವು; ಕ್ಯಾಮೆರಾ ಅವರ ಕೈಯಲ್ಲಿರುತ್ತಿತ್ತಲ್ಲ. ದೊಡ್ಡ ಪರದೆಯ ಮೇಲೆ ನೋಡುವಾಗ ಹರಿಹರದ ಚಿತ್ರದ ಕೆಳಭಾಗದಲ್ಲಿ, ಅವ್ವ ಬಿಚ್ಚುತ್ತಿರುವ ಬುತ್ತಿಯ ತನಕ, ಮರಳಿನ ಮೇಲೆ ಉದ್ದಕ್ಕೆ ಚಾಚಿದ ಒಂದು ನೆರಳು ಕಂಡಿತು. ಮೊಳಕೈಗಳೆರಡೂ ಎತ್ತಿ ಮುಖದ ಹತ್ತಿರ ಏನನ್ನೋ ಹಿಡಿದ, ತುಸು ಎಡಕ್ಕೆ ವಾಲಿದ ನೆರಳು. ಇಂಥ ಸರಳ ಕ್ಯಾಮೆರಾಗಳಿಗೆ ಬೆಳಕು ಸಾಕಷ್ಟು ಬೇಕಾದ್ದರಿಂದ ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ತೆಗೆಯಿರಿ ಎಂದು ಆಗ ಎಲ್ಲರಿಗೂ ಹೇಳುತ್ತಿದ್ದರಂತೆ; ಬೆಳಗಿನ ಅಥವಾ ಸಂಜೆಯ ಬಿಸಿಲಾದರೆ ತೆಗೆದವನ ನೆರಳು ಚಿತ್ರದೊಳಗೆ ಬಂದುಬಿಡುತ್ತದೆ. ನಾನು ಮತ್ತು ಮಾಲೀಕರು 108 ಚಿತ್ರಗಳನ್ನೂ ಮತ್ತೆ ಮೊದಲಿನಿಂದ ನೋಡಿದೆವು. ಹದಿನೇಳರಲ್ಲಿ ಅಪ್ಪ ಇದ್ದಾರೆ.

ಇನ್ನು ತಕರಾರಿನ ಭಾಗಕ್ಕೆ ಬರುತ್ತೇನೆ. ಅಜ್ಜಿಯ ಚಿತ್ರವನ್ನು ಗಾಜಿನಿಂದ ಬಿಡಿಸಲು ಮಾಲೀಕರು ಒಪ್ಪಲಿಲ್ಲ, ಅದು ಸರಿಯಾದ ನಿರ್ಧಾರವೇ ಆಗಿತ್ತು. ಮಳೆಗಾಲದ ತೇವಕ್ಕೆ ಫೋಟೊದ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜಿಗೆ ಹತ್ತಿಕೊಂಡಿರುತ್ತದೆ. ಎಳೆದರೆ ಮುಖ ಗಾಜಿನ ಮೇಲೆ, ಕಾಗದ ಕೈಯಲ್ಲಿ. ಅವರು ಚೌಕಟ್ಟನ್ನು ಮಾತ್ರ ಬಿಚ್ಚಿ, ಗಾಜಿನ ಸಮೇತ ಮೇಜಿನ ಮೇಲೆ ಮಲಗಿಸಿ, ಎರಡು ಬದಿಯಿಂದ ಓರೆಯಾಗಿ ದೀಪ ಕೊಟ್ಟು, ಹೊಳಪು ಕಳೆಯುವ ಫಿಲ್ಟರ್ ಹಾಕಿ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ನಾಲ್ಕು ದಿನದ ಮೇಲೆ ವಾಟ್ಸ್‌ಆ್ಯಪಿನಲ್ಲಿ ದುರಸ್ತಿಯಾದ ಚಿತ್ರ ಬಂತು. ಬಿರುಕುಗಳೆಲ್ಲ ಮಾಯವಾಗಿದ್ದವು, ಗೆದ್ದಲು ತಿಂದ ಮೂಲೆ ತುಂಬಿತ್ತು, ಸೀರೆಯ ನೆರಿಗೆ ಹೊಸದಾಗಿತ್ತು. ನನಗೂ ಮೊದಲ ನೋಟಕ್ಕೆ ಸಂತೋಷವಾಯಿತು. ಫೋನನ್ನು ಅವ್ವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದ ಅವ್ವ, ‘ಯಾರಿವರು?’ ಎಂದರು.

ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಹೋಗಿತ್ತು. ಎರಡೂ ಕೆನ್ನೆಯ ಮೇಲೆ, ಹಣೆಯ ಮೇಲೆ ಆ ಕುಳಿಗಳಿದ್ದವು. ಗಲ್ಲದ ನಡುವೆ ಮೂರು ಚುಕ್ಕೆಯ ಹಸಿರು ಹಚ್ಚೆ ಇತ್ತು. ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕಾಗದದ ಮೇಲಿನ ಕಲೆ ಯಾವುದು, ಮನುಷ್ಯರ ಮುಖದ ಮೇಲಿನ ಕಲೆ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಅದು ಮಸುಕಾದ ಮುಖವನ್ನು ಸರಿಪಡಿಸುವುದೂ ಇಲ್ಲ. ತಾನು ಕಲಿತ ಲಕ್ಷಾಂತರ ಮುಖಗಳ ಆಧಾರದ ಮೇಲೆ ಇಲ್ಲಿ ಇರಬಹುದಾದ ಒಂದು ಮುಖವನ್ನು ಊಹಿಸಿ ಬರೆಯುತ್ತದೆ. ಹಾಗಾಗಿ ನಮ್ಮ ಅಜ್ಜಿಯ ಜಾಗದಲ್ಲಿ ನಯವಾದ ಚರ್ಮದ, ಹೊಳೆಯುವ ಕಣ್ಣಿನ, ಯಾರದೋ ಮನೆಯ ಸುಂದರ ಮುದುಕಿ ಕುಳಿತಿದ್ದರು. 1958ರಲ್ಲಿ ಗದಗಿನಲ್ಲಿ ತೆಗೆಸಿದ ಆ ಚಿತ್ರದ ಕಾಲಕ್ಕೆ ಸಿಡುಬಿನಿಂದ ಬದುಕಿ ಉಳಿದವರ ಮುಖದ ಮೇಲೆ ಆ ಗುರುತು ಸಾಮಾನ್ಯವಾಗಿ ಇರುತ್ತಿತ್ತು. ಭಾರತ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 1977ರಲ್ಲಿ. ಅದೇ ಕಾಯಿಲೆಯಲ್ಲಿ ಅಜ್ಜಿಯ ಇಬ್ಬರು ಅಕ್ಕಂದಿರು ತೀರಿಕೊಂಡರೆಂದು ಅವ್ವ ಹೇಳುತ್ತಾರೆ. ಅಜ್ಜಿ ಉಳಿದರು, ಅವರು ಉಳಿದದ್ದರಿಂದ ಅವ್ವ, ನಾನು, ನನ್ನ ಮಗಳು, ಈಗ ತೊಟ್ಟಿಲಲ್ಲಿರುವ ಕೂಸು. ನಮ್ಮ ವಂಶಕ್ಕೆ ಸಿಕ್ಕ ಅತಿ ದೊಡ್ಡ ಆಶೀರ್ವಾದದ ಗುರುತು ಆ ಕೆನ್ನೆಯ ಮೇಲಿತ್ತು. ಅದನ್ನೇ ಒರೆಸಿ ಕೊಟ್ಟಿದ್ದರು.

ಮರುದಿನ ಹೋಗಿ ಸ್ಪಷ್ಟವಾಗಿ ಹೇಳಿದೆ: ಬಿರುಕು ಮುಚ್ಚಿ, ಗೆದ್ದಲು ತಿಂದ ಮೂಲೆಯನ್ನು ಬೇಕಿದ್ದರೆ ಖಾಲಿ ಬಿಡಿ, ಮುಖವನ್ನು ಮುಟ್ಟಬೇಡಿ. ಮಾಲೀಕರು ವಾದಿಸಲಿಲ್ಲ. ಎಲ್ಲರೂ ಚರ್ಮ ನಯವಾಗಿ ಬರಲಿ ಎಂದೇ ಕೇಳುತ್ತಾರೆ, ಹಾಗಾಗಿ ಸ್ಟುಡಿಯೊದ ಕೆಲಸದ ಹುಡುಗ ಕೇಳದೆಯೇ ಮಾಡಿಬಿಟ್ಟಿದ್ದಾನೆ ಎಂದು ಒಪ್ಪಿಕೊಂಡರು. ತಂತ್ರಾಂಶದಲ್ಲಾದರೆ 500 ರೂಪಾಯಿ, ಕೈಯಿಂದ ಮಾಡಿದರೆ 1,200 ಎಂದರು, ಒಪ್ಪಿದೆ. ಎರಡನೆಯ ಸಲ ಅವರು ತಾವೇ ಕುಳಿತು, ಅವ್ವನನ್ನು ಫೋನಿನ ವಿಡಿಯೊ ಕರೆಯಲ್ಲಿ ಕೇಳಿ ಕೇಳಿ ಮಾಡಿದರು. ಎಡಗೆನ್ನೆಯ ಮೇಲಿನ ಒಂದು ಬಿಳಿ ಚುಕ್ಕೆ ಬೂಷ್ಟಿನದೋ ಸಿಡುಬಿನದೋ ಎಂಬುದಕ್ಕೆ ಹತ್ತು ನಿಮಿಷ ಚರ್ಚೆ ನಡೆಯಿತು. ‘ಅಲ್ಲೊಂದು ದೊಡ್ಡದಿತ್ತು, ನಾ ಸಣ್ಣಾಕಿದ್ದಾಗ ಅದರಾಗ ಬೆರಳ ತುದಿ ಇಡತಿದ್ದೆ’ ಎಂದರು ಅವ್ವ. ಅದನ್ನು ಉಳಿಸಿದರು. ಇಷ್ಟು ತಾಳ್ಮೆಯಿಂದ ಕೆಲಸ ಮಾಡುವವರು ಸಿಕ್ಕಿದ್ದು ನನ್ನ ಅದೃಷ್ಟ. ಆದರೆ ಮೊದಲನೆಯ ಚಿತ್ರವನ್ನೇ ಅವ್ವನಿಗೆ ತೋರಿಸದೆ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನೀವು ಕೊಡುವಾಗ ಮುಖಕ್ಕೆ ಯಾವ ತಂತ್ರಾಂಶವನ್ನೂ ಬಳಸಬಾರದೆಂದು ಚೀಟಿಯ ಮೇಲೆಯೇ ಬರೆಸಿಕೊಳ್ಳಿ, ಮತ್ತು ಆ ವ್ಯಕ್ತಿಯನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಒಬ್ಬರಾದರೂ ಇರುವಾಗಲೇ ಈ ಕೆಲಸ ಮಾಡಿಸಿಕೊಳ್ಳಿ.

ಹರಿಹರದ ಚಿತ್ರದ ದೊಡ್ಡ ಪ್ರಿಂಟಿನಲ್ಲೂ ಇದೇ ತಪ್ಪು ಮರುಕಳಿಸಿತ್ತು. ಹುಡುಗ ಅದನ್ನು ಅಂದಗಾಣಿಸುವ ಉತ್ಸಾಹದಲ್ಲಿ ಕೆಳಗಿನ ಕಪ್ಪು ಭಾಗವನ್ನು ಕತ್ತರಿಸಿ ತೆಗೆದಿದ್ದ. ಅವನ ಲೆಕ್ಕದಲ್ಲಿ ಅದು ಅಪ್ರಯೋಜಕ ನೆರಳು. ಮತ್ತೆ ಪೂರ್ತಿ ಚೌಕವನ್ನೇ ಹಾಕಿಸಿದೆ. ಆ ಪ್ರಿಂಟಿಗೆ ಹಣ ತೆಗೆದುಕೊಳ್ಳಲಿಲ್ಲ.

ಕ್ಯಾಸೆಟ್ಟಿನ ಕೆಲಸ ನಾನು ಎಣಿಸಿದ್ದಕ್ಕಿಂತ ನಿಧಾನದ್ದು. ಮೂರು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಏರಿಸಲು ಮೂರು ಗಂಟೆಯೇ ಬೇಕು, ಓಡಿಸಿಕೊಂಡೇ ದಾಖಲಿಸಬೇಕು. 1993ರ ಮೇ ತಿಂಗಳ ಮದುವೆಯದು. ಮೊದಲ ಹನ್ನೊಂದು ನಿಮಿಷ ಬೂಷ್ಟು ಹಿಡಿದು ಹಾಳಾಗಿದೆ, ಅದು ಮರಳಿ ಬರುವುದಿಲ್ಲವೆಂದು ಮೊದಲೇ ತಿಳಿಸಿದರು. ಬಂದ ಚಿತ್ರವೂ ಈಗಿನ ಟಿವಿಯಲ್ಲಿ ಮಸುಕೇ. ಆದರೆ ಎರಡನೆಯ ಗಂಟೆಯಲ್ಲಿ, ಊಟದ ಪಂಕ್ತಿಯ ನಡುವೆ ಕ್ಯಾಮೆರಾ ಹಾದುಹೋಗುವಾಗ, ಚಿತ್ರದ ಹೊರಗೆ ಎಲ್ಲಿಂದಲೋ ಅಪ್ಪನ ದನಿ: ‘ಏ ತಮ್ಮಾ, ಆ ಅಜ್ಜಾರಿಗೆ ಇನ್ನೊಂದು ಹೋಳಿಗಿ ನೀಡಪಾ, ತುಪ್ಪ ಕೈಬಿಟ್ಟು ಹಾಕು.’ ಇಷ್ಟೇ, ಆರೇಳು ಸೆಕೆಂಡು. ಹದಿನಾಲ್ಕು ವರ್ಷದಿಂದ ಆ ದನಿ ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಅಪ್ಪನ ದನಿಯನ್ನು ಅದುವರೆಗೆ ಕೇಳಿಯೇ ಇರದ ನನ್ನ ಅಳಿಯ ಕೂಡ ಹತ್ತು ಸಲ ಹಿಂದಕ್ಕೆ ಎಳೆದು ಕೇಳಿಸಿದ. ಮನೆಯಲ್ಲಿ ಕ್ಯಾಸೆಟ್ ಇದ್ದವರು ತಡಮಾಡಬೇಡಿ. ಟೇಪು ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿರುತ್ತದೆ, ಓಡಿಸುವ ಯಂತ್ರಗಳೂ ಕೈಗೆ ಸಿಗುವುದು ಅಪರೂಪವಾಗುತ್ತಿದೆ. ಈ ಸ್ಟುಡಿಯೊದಲ್ಲಿ ಉಳಿದಿರುವುದು ಒಂದೇ ಒಂದು.

ತಡದ ವಿಷಯ. ಡಿಸೆಂಬರ್ 10ಕ್ಕೆ ಎಂದಿದ್ದವರು ಕೊಟ್ಟದ್ದು 27ಕ್ಕೆ. ನವೆಂಬರಿನಿಂದ ಡಿಸೆಂಬರ್ ಮಧ್ಯದವರೆಗೆ ಮದುವೆಗಳ ಭರಾಟೆ, ಸ್ಟುಡಿಯೊದವರೆಲ್ಲ ಕಲ್ಯಾಣ ಮಂಟಪಗಳಲ್ಲೇ ಇರುತ್ತಾರೆ. ಧನುರ್ಮಾಸ ಹಿಡಿದ ಮೇಲೆ ಮದುವೆಗಳು ನಿಲ್ಲುವುದರಿಂದ ಅವರಿಗೆ ಕೈ ಬಿಡುವಾಗುತ್ತದೆ. ಇಂಥ ಕೆಲಸ ಕೊಡುವುದಿದ್ದರೆ ಡಿಸೆಂಬರ್ 16ರಿಂದ ಸಂಕ್ರಾಂತಿಯ ನಡುವೆ ಕೊಡುವುದು ಉತ್ತಮ. ಇನ್ನೊಂದು ಕೊರತೆಯೆಂದರೆ ಫೋಟೊಗಳ ಹಿಂಬದಿಯನ್ನು ಅವರು ತಾವಾಗಿ ಸ್ಕ್ಯಾನ್ ಮಾಡಿರಲಿಲ್ಲ. ಅಪ್ಪ ಪೆನ್ಸಿಲಿನಲ್ಲಿ ಊರು, ತಿಥಿ, ಜೊತೆಗಿದ್ದವರ ಹೆಸರು ಬರೆದಿಡುತ್ತಿದ್ದದ್ದು ಹಿಂಬದಿಯಲ್ಲಿಯೇ. ಕೇಳಿದ ಮೇಲೆ ಹೆಚ್ಚಿನ ಹಣವಿಲ್ಲದೆ ಮಾಡಿಕೊಟ್ಟರು. ಕೆಲವು ಫೋಟೊಗಳ ಹಿಂದಿನ ಹಳೆಯ ಮುದ್ರೆಯಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿರುವುದನ್ನು ನೋಡಿ ತಮ್ಮನ ಮಕ್ಕಳಿಗೆ ಅಚ್ಚರಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಅದಕ್ಕೆ ಮೊದಲು ನಾವೆಲ್ಲ ದುರ್ಗದ ಜಿಲ್ಲೆಯವರೇ ಆಗಿದ್ದೆವೆಂದು ಅವ್ವ ಕೂತು ಹೇಳಿದರು. ಮೂಲ ಫೋಟೊಗಳನ್ನು ರಬ್ಬರ್ ಬ್ಯಾಂಡು ಸುತ್ತಿ ಕೊಟ್ಟದ್ದು ನನಗೆ ಹಿಡಿಸಲಿಲ್ಲ. ಮನೆಗೆ ಬಂದ ಕೂಡಲೇ ತೆಗೆದು ಕಾಗದದ ಲಕೋಟೆಗಳಿಗೆ ಹಾಕಿದೆ. ಲ್ಯಾಮಿನೇಷನ್ ಮಾಡಿಕೊಡುತ್ತೇವೆಂದು ಎರಡು ಸಲ ಕೇಳಿದರು, ಬೇಡವೆಂದೆ. ಒಮ್ಮೆ ಪ್ಲಾಸ್ಟಿಕ್ ಒತ್ತಿದರೆ ಬಿಡಿಸಲಾಗದು.

ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ರಂದೇ ಬಂದಿತ್ತು. ಅವ್ವ ಗದಗಿನ ಕಡೆಯವರು. ಹೊಲವಿಲ್ಲದ ಗಿರಣಿ ಕೆಲಸಗಾರನ ಮನೆಗೆ ಬಂದ ಮೇಲೂ ಆ ಹಬ್ಬವನ್ನು ಬಿಟ್ಟವರಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ತಂಗಿ ಮತ್ತು ನಾನು ಅವ್ವ ಕುರ್ಚಿಯ ಮೇಲೆ ಕುಳಿತು ಹೇಳಿದಂತೆ ಮಾಡಿದೆವು. ಊಟವಾದ ಮೇಲೆ ಚಾಪೆ ಹಾಸಿ, 108 ಚಿತ್ರಗಳ ಪ್ರಿಂಟುಗಳನ್ನು ಅಪ್ಪ ಹಾಸುತ್ತಿದ್ದ ಹಾಗೆಯೇ ಸಾಲಿಗೆ ಹನ್ನೆರಡರಂತೆ ಒಂಬತ್ತು ಸಾಲು ಹಾಸಿದೆವು. ಅವ್ವನಿಗೆ ಬಗ್ಗಲು ಆಗದ್ದರಿಂದ ಒಂದೊಂದನ್ನೇ ಎತ್ತಿ ಕೈಗೆ ಕೊಡುತ್ತ ಹೋದೆವು. ಮೊಮ್ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹರಿಹರದ ಚಿತ್ರ ಬಂದಾಗ ನಾನು ಏನೂ ಹೇಳಲಿಲ್ಲ. ಅವ್ವ ತಮ್ಮದೇ ಮುಖವನ್ನು ನೋಡಿದರು, ಬುತ್ತಿಯ ಗಂಟನ್ನು ನೋಡಿದರು, ಬಳಿಕ ಬೆರಳು ಕೆಳಗಿಳಿದು ಮರಳಿನ ಮೇಲಿನ ನೆರಳಿನ ಹತ್ತಿರ ನಿಂತಿತು. ‘ಇಲ್ಲೇ ನಿಂತಿದ್ರು ನೋಡು,’ ಎಂದರು.

31ರಂದು ಬೆಳಿಗ್ಗೆ ಹದಿನಾಲ್ಕು ಜನ ಸ್ಟುಡಿಯೊಗೆ ಹೋದೆವು. ಈಗ ಅಲ್ಲಿ ಬೂದು ಬಣ್ಣದ ಸಾದಾ ಪರದೆ ಇದೆ. 1972ರಲ್ಲಿ ಅಪ್ಪ ಅವ್ವ ನಮ್ಮಿಬ್ಬರನ್ನು ಎತ್ತಿಕೊಂಡು ಇದೇ ಸ್ಟುಡಿಯೊದಲ್ಲಿ ತೆಗೆಸಿದ ಚಿತ್ರದಲ್ಲಿ ಮೆಟ್ಟಿಲು, ಹೂಕುಂಡ, ದೂರದ ಬೆಟ್ಟ ಬರೆದ ಬಟ್ಟೆಯ ಪರದೆಯಿತ್ತು. ಅದು ಇನ್ನೂ ಇದೆಯೇ ಎಂದು ಕೇಳಿದೆ. ಅಟ್ಟದಿಂದ ಇಳಿಸಿ, ದೂಳು ಕೊಡವಿ, ಬಿಚ್ಚಿ ಕಟ್ಟಿದರು. ಇದಕ್ಕೆ ಅರ್ಧ ಗಂಟೆ ಹಿಡಿಯಿತು, ಅವರು ಬೇಸರಿಸಲಿಲ್ಲ. ಅವ್ವನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ, ವಾಕರನ್ನು ಪಕ್ಕಕ್ಕೆ ಸರಿಸಲು ಹೋದಾಗ ಅವ್ವ ಬೇಡವೆಂದರು, ಅದು ಚಿತ್ರದಲ್ಲಿದೆ. ಆ ಕಾಲದ ಪರದೆ ಇಷ್ಟು ದೊಡ್ಡ ಸಂಸಾರಕ್ಕೆ ಸಾಲದೆ, ಎಡತುದಿಯಲ್ಲಿ ನಿಂತ ತಮ್ಮನ ಭುಜದ ಮೇಲೆ ಗೋಡೆಯ ಸ್ವಿಚ್ ಬೋರ್ಡು ಕಾಣುತ್ತಿತ್ತು. ಅದನ್ನು ತೆಗೆಯಲೇ ಎಂದು ಮಾಲೀಕರು ಈ ಸಲ ನನ್ನ ಕಡೆ ನೋಡಿ ಕೇಳಿದರು. ತೆಗೆಯಿರಿ ಎಂದೆ.

ಅಜ್ಜಿಯ ಚಿತ್ರ ಈಗ ಪಡಸಾಲೆಯಲ್ಲಿ, ಅವ್ವನ ಮಂಚದಿಂದ ಕಾಣುವ ಗೋಡೆಯ ಮೇಲಿದೆ. ಈ ಸಲ ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡುವಂತೆ ದಪ್ಪ ಕಾಗದದ ಅಂಚು ಕೊಟ್ಟು ಕಟ್ಟಿಸಿದ್ದೇನೆ. ಗಾಜಿಗೆ ಅಂಟಿದ ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲೇ ಇಟ್ಟಿದ್ದೇನೆ.

ಇದನ್ನು ಬರೆಯುವ ಹೊತ್ತಿಗೆ ಇನ್ನೆರಡು ರೋಲುಗಳು ಸ್ಟುಡಿಯೊದಲ್ಲೇ ಉಳಿದಿದ್ದವು. ತೇವಕ್ಕೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಒಣಗಿದಾಗ ಎಳೆದರೆ ಚಿತ್ರ ಕಿತ್ತುಬರುತ್ತದೆ, ಶುದ್ಧ ನೀರಿನಲ್ಲಿ ನೆನೆಸಿ ಇಷ್ಟಿಷ್ಟೇ ಬಿಡಿಸಬೇಕು, ಅವಸರ ಬೇಡವೆಂದು ಮಾಲೀಕರು 2025ರ ಜನವರಿ ಕೊನೆಯವರೆಗೆ ಸಮಯ ಕೇಳಿದ್ದರು. ಆ ಲಕೋಟೆಗಳ ಮೇಲೆ ವರ್ಷ ಬರೆದಿಲ್ಲ. ಉಳಿದ ಒಂಬತ್ತನ್ನು ಸಾಲಾಗಿ ಇಟ್ಟು ನೋಡಿದಾಗ ಇಲ್ಲದಿರುವುದು 1976 ಮತ್ತು 1981. ತಮ್ಮ ಹುಟ್ಟಿದ್ದು 1976ರ ಸೆಪ್ಟೆಂಬರಿನಲ್ಲಿ. ತನ್ನದೊಂದು ಕೂಸಿನ ಫೋಟೊ ಮನೆಯಲ್ಲಿ ಇಲ್ಲವೆಂದು ಚಿಕ್ಕಂದಿನಿಂದ ಹೇಳುತ್ತ ಬಂದವನು. ಮೊನ್ನೆ ಬೆಂಗಳೂರಿಗೆ ಹೊರಡುವ ಮುಂಚೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಆಟೊ ನಿಲ್ಲಿಸಿ, ಒಬ್ಬನೇ ಆ ಸ್ಟುಡಿಯೊದ ಮೆಟ್ಟಿಲು ಹತ್ತಿ, ನೀರಿನ ಟ್ರೇಯನ್ನು ನೋಡಿ ಬಂದ.